ಪ್ಲೀಡರ್ ಕುದ್ಮುಲ್ ರಂಗರಾವ್ ಮತ್ತು ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಊರಿನ ಬಾವಿಗೂ ದೇವಸ್ಥಾನದ ಅಂಗಳಕ್ಕೂ ಹತ್ತಿರ ಸುಳಿಯಲಾಗದಿದ್ದ ಜನರ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆಯೊಂದನ್ನು ತೆರೆದು, ಮುಂದಿನ ಐದು ವರ್ಷಗಳಲ್ಲಿ ಅದನ್ನು ಒಂದು ವ್ಯವಸ್ಥಿತ ಸಂಸ್ಥೆಯಾಗಿ ಕಟ್ಟಿ ನಿಲ್ಲಿಸಿದ ಕುದ್ಮುಲ್ ರಂಗರಾವ್ (1859–1928) ವೃತ್ತಿಯಿಂದ ವಕೀಲರಾಗಿದ್ದರು. ಅವರು ಕಟ್ಟಿದ ಸಂಸ್ಥೆಯ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಊರವರ ಬಾಯಲ್ಲಿ ಅದು ಡಿ.ಸಿ.ಎಂ. ಎಂದೇ ರೂಢಿಯಾಯಿತು. ‘ಡಿಪ್ರೆಸ್ಡ್ ಕ್ಲಾಸಸ್’ ಎಂಬುದು ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳನ್ನು ಒಟ್ಟಾಗಿ ಸೂಚಿಸಲು ಬ್ರಿಟಿಷ್ ಕಾಲದ ಕಡತಗಳಲ್ಲಿ ಬಳಕೆಗೆ ಬಂದಿದ್ದ ಹೆಸರು. ರಂಗರಾಯರ ಕುರಿತ ಬರಹಗಳಲ್ಲಿ ಅವರ ಕರುಣೆ, ತ್ಯಾಗ, ಸಹನೆಗಳ ಮಾತು ಧಾರಾಳವಾಗಿ ಬರುತ್ತದೆ. ಆದರೆ ಮಿಷನ್ನಿನ ಕೆಲಸದ ಹರವನ್ನು ಗಮನಿಸಿದರೆ, ಅಕ್ಷರ, ಅನ್ನ, ಕಸುಬು, ನೆಲ, ನೌಕರಿ, ಸ್ಥಳೀಯ ಆಡಳಿತದಲ್ಲಿ ಸ್ಥಾನ ಎಂಬ ಬೇರೆ ಬೇರೆ ಎಳೆಗಳನ್ನು ಒಂದೇ ಹುರಿಯಾಗಿ ಹೊಸೆದ ಯೋಜನೆಯೊಂದು ಅಲ್ಲಿ ಕಾಣುತ್ತದೆ. ನ್ಯಾಯಾಲಯದ ಹಾಗೂ ಕಂದಾಯ ಕಚೇರಿಯ ನಡಾವಳಿಯನ್ನು ಬಲ್ಲವನಿಗೆ ಮಾತ್ರ ಹೊಳೆಯಬಹುದಾದ ಯೋಜನೆ ಅದು.

ಈ ಯೋಜನೆಯ ಅಗತ್ಯವನ್ನು ತಿಳಿಯಲು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭೂಮಿಯ ಸ್ಥಿತಿಯನ್ನು ಮೊದಲು ನೋಡಬೇಕು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಭೂಮಿಯ ಹಿಡುವಳಿಯನ್ನು ‘ವರ್ಗ’ ಎಂದೂ ಅದರ ಒಡೆಯನನ್ನು ‘ವರ್ಗದಾರ’ ಎಂದೂ ಕರೆಯುತ್ತಿದ್ದರು. ಗದ್ದೆಯ ಕೆಲಸ ಮಾಡುತ್ತಿದ್ದ ಹೊಲೆಯ ಸಮುದಾಯದವರಲ್ಲಿ, ತಲೆತಲಾಂತರದಿಂದ ಒಂದೇ ವರ್ಗಕ್ಕೆ ಅಂಟಿಕೊಂಡು ದುಡಿಯುತ್ತಿದ್ದವರಿಗೆ ‘ಮೂಲದ ಹೊಲೆಯ’ರೆಂದೂ, ಪಡೆದ ಮುಂಗಡ ತೀರುವ ತನಕ ಒಡೆಯನಿಗೆ ಕಟ್ಟುಬಿದ್ದವರಿಗೆ ‘ಸಾಲದ ಹೊಲೆಯ’ರೆಂದೂ ಹೆಸರಿತ್ತು. 1843ರ ಕಾಯ್ದೆ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. 1862ರಲ್ಲಿ ಜಾರಿಗೆ ಬಂದ ದಂಡ ಸಂಹಿತೆ ಮನುಷ್ಯನನ್ನು ಗುಲಾಮನಾಗಿ ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದು ಸಾರಿತ್ತು. ಆದರೂ ಸಾಲ ಹಾಗೂ ಸಂಪ್ರದಾಯಗಳ ಕಟ್ಟು ಸಡಿಲಗೊಂಡಿರಲಿಲ್ಲ. ಇದರ ಜೊತೆಗೆ ‘ಕುಮ್ಕಿ’ ಎಂಬ ಹಕ್ಕೂ ಇತ್ತು. ವರ್ಗದ ಸಾಗುವಳಿ ಜಮೀನಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ತೆಗೆಯಲು ವರ್ಗದಾರನಿಗಿದ್ದ ಸೌಲಭ್ಯಕ್ಕೆ ಆ ಹೆಸರು. ಜಾಗ ಸರ್ಕಾರದ್ದೇ ಆಗಿದ್ದರೂ ಅಲ್ಲಿ ಗುಡಿಸಲು ಕಟ್ಟಿಕೊಂಡವನು ವರ್ಗದಾರನ ಮರ್ಜಿಯಲ್ಲಿಯೇ ಬದುಕಬೇಕಾಗಿತ್ತು. ಹೀಗೆ ಮಲಗುವ ಜಾಗವೂ ಉಣ್ಣುವ ಗಂಜಿಯೂ ಒಬ್ಬನೇ ಒಡೆಯನ ಕೈಯಲ್ಲಿದ್ದ ಮನೆಯವರು, ಆ ಒಡೆಯನಿಗೆ ಇಷ್ಟವಿಲ್ಲದ ಶಾಲೆಗೆ ಮಗುವನ್ನು ಕಳಿಸಬೇಕಾದರೆ ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಇಂದು ಊಹಿಸುವುದು ಸುಲಭವಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಆಗ ಇದೇ ಜಿಲ್ಲೆಯ ಭಾಗವಾಗಿದ್ದು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಸೀಮೆಯಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಉದ್ಯೋಗ ಹುಡುಕಿಕೊಂಡು ಮಂಗಳೂರಿಗೆ ಬಂದ ಅವರು, ಮೊದಲು ಶಾಲಾ ಮಾಸ್ತರರಾಗಿ ಸಣ್ಣ ಸಂಬಳಕ್ಕೆ ದುಡಿದು, ದುಡಿಯುತ್ತಲೇ ಓದಿ ಮೆಟ್ರಿಕ್ಯುಲೇಷನ್ ಮುಗಿಸಿ, ಅನಂತರ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಪ್ಲೀಡರ್ ಎಂದರೆ ಕಾನೂನು ಪದವಿಯಿಲ್ಲದಿದ್ದರೂ ನಿಗದಿಯಾದ ಪರೀಕ್ಷೆಯನ್ನು ಪಾಸು ಮಾಡಿ, ಮುನಸೀಫ ನ್ಯಾಯಾಲಯದಂತಹ ಕೆಳಹಂತದ ನ್ಯಾಯಾಲಯಗಳಲ್ಲಿ ಕಕ್ಷಿದಾರರ ಪರವಾಗಿ ವಾದಿಸುವ ಸನ್ನದು ಪಡೆದವನು. ಬಡ್ಡಿಯ ಲೆಕ್ಕ, ಗೇಣಿಯ ಬಾಕಿ, ಒಕ್ಕಲೆಬ್ಬಿಸುವ ದಾವೆ, ಗಡಿಯ ತಕರಾರು ಮೊದಲಾದ ವ್ಯಾಜ್ಯಗಳೇ ಆ ನ್ಯಾಯಾಲಯಗಳ ನಿತ್ಯದ ವ್ಯವಹಾರ. ಮಂಗಳೂರಿನಲ್ಲಿ ಬಡವರ ವಕೀಲರೆಂದು ರಂಗರಾಯರು ಪಡೆದ ಹೆಸರಿನ ಹಿಂದೆ, ಫೀಜು ಕೊಡಲಾಗದವರ ಕಾಗದಪತ್ರಗಳನ್ನು ಓದಿ ಓದಿ ಅವರು ಗಳಿಸಿಕೊಂಡ ತಿಳಿವಳಿಕೆಯಿತ್ತು. ಯಾವ ಜನ ತಮ್ಮ ಕಕ್ಷಿದಾರರಾಗಿ ನ್ಯಾಯಾಲಯದ ಮೆಟ್ಟಿಲನ್ನೇ ಏರಲಾರರೋ ಅವರೇ ಆ ಕಾಗದಗಳ ಅಡಿಯಲ್ಲಿ ನಲುಗಿಹೋಗಿದ್ದಾರೆಂಬ ಅರಿವು ಅವರಿಗೆ ಈ ವೃತ್ತಿಯಿಂದಲೇ ಬಂದಿರಬೇಕು.

ಇನ್ನೊಂದು ಪ್ರೇರಣೆ ಬ್ರಹ್ಮ ಸಮಾಜದ್ದು. ಮೂರ್ತಿಪೂಜೆಯನ್ನೂ ಜಾತಿಭೇದವನ್ನೂ ಒಪ್ಪದ, ನಿರಾಕಾರ ದೇವರೊಬ್ಬನ ಉಪಾಸನೆಯನ್ನು ಬೋಧಿಸುತ್ತಿದ್ದ ಈ ಬಂಗಾಳಿ ಸುಧಾರಣಾ ಪಂಥ, 1870ರ ಸುಮಾರಿಗೆ ಬಿಲ್ಲವ ಮುಖಂಡ ಅರಸಪ್ಪನವರ ಆಸಕ್ತಿಯಿಂದಲೂ ಉಳ್ಳಾಲ ರಘುನಾಥಯ್ಯನವರ ನಿಷ್ಠೆಯಿಂದಲೂ ಮಂಗಳೂರಿನಲ್ಲಿ ಬೇರೂರಿತ್ತು. 1834ರಿಂದಲೇ ಮಂಗಳೂರಿನಲ್ಲಿ ನೆಲೆಸಿದ್ದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳ ಮೂಲಕ ಒಂದು ಸಂಸ್ಥೆ ಹೇಗೆ ಜನರ ಬಾಳನ್ನು ಎಲ್ಲ ಕಡೆಯಿಂದಲೂ ಮುಟ್ಟಬಹುದೆಂಬುದನ್ನು ತೋರಿಸಿಕೊಟ್ಟಿತ್ತು. ರಂಗರಾಯರು ಬ್ರಹ್ಮ ಸಮಾಜದಿಂದ ಸಮಾನತೆಯ ತತ್ತ್ವವನ್ನು ಪಡೆದರೆ, ಆ ತತ್ತ್ವವನ್ನು ದಿನನಿತ್ಯದ ಕೆಲಸವಾಗಿಸುವ ಬಗೆಗೆ ಮಾದರಿಯು ಅವರ ಕಣ್ಣೆದುರಿನಲ್ಲೇ ಇತ್ತು. ಮತಾಂತರದ ಷರತ್ತಿಲ್ಲದೆ ಅಂತಹ ಕೆಲಸವನ್ನು ನಡೆಸಲು ಸಾಧ್ಯವೆಂದು ತೋರಿಸಿದ್ದು ಅವರ ಹೆಚ್ಚುಗಾರಿಕೆ.

1892ರಲ್ಲಿ ಉರ್ವ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ಮೊದಲ ಶಾಲೆ ಆರಂಭವಾಯಿತು. ಮದ್ರಾಸ್ ಸರ್ಕಾರವು ಪಂಚಮರ, ಅಂದರೆ ನಾಲ್ಕು ವರ್ಣಗಳ ಹೊರಗಿನವರೆಂದು ಅಂದು ಗುರುತಿಸಲ್ಪಟ್ಟಿದ್ದವರ, ವಿದ್ಯಾಭ್ಯಾಸಕ್ಕೆ ವಿಶೇಷ ನೆರವನ್ನು ಘೋಷಿಸಿ ಹೊರಡಿಸಿದ ಪ್ರಸಿದ್ಧ ಆದೇಶ 1893ರದು. ಮಂಗಳೂರಿನ ಈ ಶಾಲೆ ಅದಕ್ಕಿಂತ ಒಂದು ವರ್ಷ ಹಿಂದಿನದು. ಮೇಲ್ಜಾತಿಯ ಶಿಕ್ಷಕರು ಇಲ್ಲಿ ಪಾಠ ಹೇಳಲು ಒಪ್ಪದೆ ಹೋದಾಗ ಕ್ರೈಸ್ತ ಶಿಕ್ಷಕರನ್ನು ಕರೆತರಲಾಯಿತು. ನೆರೆಹೊರೆಯ ವಿರೋಧದಿಂದ ಶಾಲೆಯು ಜಾಗ ಬದಲಿಸಬೇಕಾಗಿ ಬಂದು, ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆ ಕಂಡಿತು. ಮಗು ಶಾಲೆಗೆ ಬಂದರೆ ದನ ಕಾಯುವ ಅಥವಾ ತಂಗಿ-ತಮ್ಮಂದಿರನ್ನು ನೋಡಿಕೊಳ್ಳುವ ಕೈಯೊಂದು ಮನೆಗೆ ಕಡಿಮೆಯಾಗುತ್ತದೆಂಬುದನ್ನು ಅರಿತಿದ್ದ ರಂಗರಾಯರು, ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಏರ್ಪಡಿಸಿದ್ದಲ್ಲದೆ ಹಾಜರಾದ ಮಕ್ಕಳಿಗಾಗಿ ಸಣ್ಣ ಮೊತ್ತದ ಹಣವನ್ನೂ ಕೊಡಿಸಿದರು. ಇಂದು ಸರ್ಕಾರಿ ಶಾಲೆಗಳ ಬಿಸಿಯೂಟದ ಬಗ್ಗೆ ಮಾತನಾಡುವವರು ಈ ಹಳೆಯ ಏರ್ಪಾಡನ್ನು ನೆನೆಯುವುದು ಕಡಿಮೆ. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲವೆಂಬ ಅರಿವು, ದುಡಿಯುವ ಮಗುವಿನ ಗಳಿಕೆಯ ನಷ್ಟವನ್ನು ಶಾಲೆಯೇ ತುಂಬಿಕೊಡಬೇಕೆಂಬ ವಿವೇಕ, ಎರಡೂ ಅದರಲ್ಲಿದ್ದವು.

ಇದಕ್ಕೆ ರಂಗರಾಯರ ಮನೆ ತೆತ್ತ ಬೆಲೆ ದೊಡ್ಡದು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂದರೆ ಊಟದ ಪಂಕ್ತಿಯಿಂದ ಹೊರಗಿಡುವುದಷ್ಟೇ ಆಗಿರಲಿಲ್ಲ. ಕ್ಷೌರಿಕನೂ ಮಡಿವಾಳನೂ ಮನೆಗೆ ಬರುವುದಿಲ್ಲ. ಮದುವೆ-ಮುಂಜಿಗಳಿಗೆ ಕರೆ ಬರುವುದಿಲ್ಲ. ಮನೆಯ ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ. ಸತ್ತರೆ ಹೊರಲು ನೆಂಟರು ಸೇರುವುದಿಲ್ಲ. ಕಚೇರಿಗೆ ಹೋಗಿ ಬರುವ ಗಂಡಸಿಗೆ ಹೊರಗಿನ ಬದುಕು ಒಂದಿಷ್ಟಾದರೂ ಉಳಿದಿರುತ್ತಿತ್ತು. ಅಡುಗೆಮನೆ, ಬಾವಿಕಟ್ಟೆ, ನೆಂಟರ ಮನೆಗಳೇ ಜಗತ್ತಾಗಿದ್ದ ಹೆಂಗಸಿಗೆ ಬಹಿಷ್ಕಾರವೆಂಬುದು ಜಗತ್ತೇ ಬಾಗಿಲು ಮುಚ್ಚಿಕೊಂಡಂತೆ. ಈ ದೃಷ್ಟಿಯಿಂದ ಮಿಷನ್ನಿನ ಚರಿತ್ರೆಯಲ್ಲಿ ರಂಗರಾಯರ ಪತ್ನಿ ರುಕ್ಮಿಣಿಯಮ್ಮನವರಿಗೆ ಸಿಗುವ ಒಂದೆರಡು ಸಾಲುಗಳು ತೀರ ಸಾಲದು.

1897ರಲ್ಲಿ ಶಾಲೆಯ ಕೆಲಸವು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ತಾಳಿತು. ಇದೇ ಬಗೆಯ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದ ವಿಠ್ಠಲ ರಾಮಜಿ ಶಿಂಧೆಯವರು ಜಮಖಂಡಿಯಲ್ಲಿ ಹುಟ್ಟಿದವರು, ಬ್ರಹ್ಮ ಸಮಾಜದ ಪಶ್ಚಿಮ ಭಾರತದ ಸೋದರ ಪಂಥವಾದ ಪ್ರಾರ್ಥನಾ ಸಮಾಜಕ್ಕೆ ಸೇರಿದವರು. ಅವರ ಸಂಸ್ಥೆ ಆರಂಭವಾದದ್ದು 1906ರಲ್ಲಿ. ಅಖಿಲ ಭಾರತ ಮಟ್ಟದ ಅಸ್ಪೃಶ್ಯತಾ ನಿವಾರಣೆಯ ಚರಿತ್ರೆಗಳು ಶಿಂಧೆಯವರಿಂದಲೋ ಗಾಂಧೀಜಿಯವರಿಂದಲೋ ತೊಡಗುವುದು ವಾಡಿಕೆಯಾಗಿರುವುದರಿಂದ ಮಂಗಳೂರಿನ ಈ ಪೂರ್ವಭಾವಿ ಪ್ರಯತ್ನ ಹೊರಗಿನ ಓದುಗರಿಗೆ ಬಹಳ ಕಾಲ ಅಪರಿಚಿತವಾಗಿಯೇ ಉಳಿಯಿತು. ಮಿಷನ್ನಿನ ಆಶ್ರಯದಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ಶಾಲೆಗಳು ಹುಟ್ಟಿಕೊಂಡವು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳಂತಹ ಕಸುಬುಗಳನ್ನು ಕಲಿಸುವ ವ್ಯವಸ್ಥೆಯೂ ಹೆಣ್ಣುಮಕ್ಕಳಿಗೆ ವಸತಿಗೃಹವೂ ಬಂದವು. ಗದ್ದೆಯ ಕೂಲಿಯನ್ನು ಬಿಟ್ಟು ಬೇರೆ ಅನ್ನದ ದಾರಿಯಿಲ್ಲದವನು ಒಡೆಯನ ಹಿಡಿತದಿಂದ ಬಿಡಿಸಿಕೊಳ್ಳಲಾರನೆಂಬ ಲೆಕ್ಕಾಚಾರ ಕಸುಬಿನ ತರಬೇತಿಯ ಹಿಂದೆ ಇತ್ತು.

ಭೂಮಿಯ ವಿಚಾರದಲ್ಲಿ ರಂಗರಾಯರ ವಕೀಲಿ ಬುದ್ಧಿ ಎದ್ದು ಕಾಣುತ್ತದೆ. ಚೆಂಗಲ್‌ಪಟ್ಟು ಜಿಲ್ಲೆಯ ಕಲೆಕ್ಟರ್ ಆಗಿದ್ದ ಟ್ರೆಮೆನ್‌ಹೀರ್ ಅಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಪರೈಯರ ದುಃಸ್ಥಿತಿಯ ಬಗ್ಗೆ ಬರೆದ ವರದಿಯ ಫಲವಾಗಿ, 1892ರಲ್ಲಿ ಮದ್ರಾಸ್ ಸರ್ಕಾರ ಡಿಪ್ರೆಸ್ಡ್ ಕ್ಲಾಸ್‌ಗಳಿಗೆ ಸರ್ಕಾರಿ ಜಮೀನನ್ನು ಹಂಚಿಕೊಡುವ ನೀತಿಯನ್ನು ಒಪ್ಪಿಕೊಂಡಿತ್ತು. ಆದರೆ ಆದೇಶವಿರುವುದು ಬೇರೆ, ಜಮೀನು ಕೈಗೆ ಸಿಗುವುದು ಬೇರೆ. ಜಮೀನು ಬೇಕಾದವನು ‘ದರಖಾಸ್ತು’, ಅಂದರೆ ಮಂಜೂರಾತಿಯ ಅರ್ಜಿ, ಬರೆದು ಕೊಡಬೇಕು; ಸರ್ವೆ ನಂಬರು ತಿಳಿದಿರಬೇಕು; ನೆರೆಯ ವರ್ಗದಾರ ಕುಮ್ಕಿಯ ಹಕ್ಕನ್ನು ಮುಂದಿಟ್ಟು ತಕರಾರು ಹೂಡಿದರೆ ಅದಕ್ಕೆ ಉತ್ತರ ಕೊಡಬೇಕು; ಶ್ಯಾನುಭೋಗನ ವರದಿ ಅನುಕೂಲವಾಗಿ ಬರಬೇಕು. ಅಕ್ಷರವೇ ತಿಳಿಯದವನಿಗೆ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ. ರಂಗರಾಯರು ಸರ್ಕಾರದೊಡನೆ ವ್ಯವಹರಿಸಿ ಮಂಗಳೂರಿನ ಸುತ್ತಮುತ್ತ ಜಮೀನು ಪಡೆದು, ಅಲ್ಲಿ ದಲಿತ ಕುಟುಂಬಗಳನ್ನು ನೆಲೆಗೊಳಿಸಿ ಕಾಲೊನಿಗಳನ್ನು ಕಟ್ಟಿಸಿದರು. ತನ್ನದೇ ನೆಲದ ಮೇಲೆ ನಿಂತ ಮನೆಯಿಂದ ಮಗು ಶಾಲೆಗೆ ಹೊರಟಾಗ ಅದನ್ನು ತಡೆಯುವ ಅಧಿಕಾರ ಯಾವ ಒಡೆಯನಿಗೂ ಉಳಿಯಲಿಲ್ಲ. ಶಾಲೆಗೂ ಜಮೀನಿಗೂ ಇರುವ ಈ ನಂಟನ್ನು ಅಷ್ಟು ಹಿಂದೆಯೇ ಗ್ರಹಿಸಿದ್ದು ರಂಗರಾಯರ ಸಾಧನೆಗಳಲ್ಲೆಲ್ಲ ಮೇಲಾದದ್ದೆಂದು ಹೇಳಲು ಅಡ್ಡಿಯಿಲ್ಲ.

ಕಲಿತ ಮಗುವಿಗೆ ಕಲಿಕೆಯ ನಂತರ ಏನು ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಶಾಲೆಯಲ್ಲಿ ಓದಿದವರೇ ಮಿಷನ್ನಿನ ಶಾಲೆಗಳಲ್ಲಿ ಮಾಸ್ತರರಾದರು. ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ದಲಿತರ ನಾಮನಿರ್ದೇಶನವಾಗಬೇಕೆಂದು ರಂಗರಾಯರು ಸರ್ಕಾರದ ಮೇಲೆ ಒತ್ತಡ ತಂದುದರ ಫಲವಾಗಿ, ಮಿಷನ್ನಿನ ಶಿಕ್ಷಕರಾದ ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಅವರಿಗೆ ಅಂತಹ ಸಂಸ್ಥೆಗಳಲ್ಲಿ ಸ್ಥಾನ ದೊರೆಯಿತು. ನಿನ್ನೆಯವರೆಗೆ ಬೀದಿಯಲ್ಲಿ ದೂರ ಸರಿದು ನಿಲ್ಲಬೇಕಾಗಿದ್ದ ಸಮುದಾಯದ ಮಾಸ್ತರರೊಬ್ಬರು ಊರಿನ ಗಣ್ಯರ ಸಮಕ್ಕೆ ಕುರ್ಚಿಯಲ್ಲಿ ಕುಳಿತು ರಸ್ತೆ, ನೀರು, ಶಾಲೆಗಳ ಬಗ್ಗೆ ಅಭಿಪ್ರಾಯ ಹೇಳಿದ್ದು, ಅಸ್ಪೃಶ್ಯತೆಯ ವಿರುದ್ಧ ಮಾಡಿದ ಯಾವ ಭಾಷಣಕ್ಕಿಂತಲೂ ಹೆಚ್ಚಿನ ಪರಿಣಾಮವುಳ್ಳ ಘಟನೆ.

ಹೊರಗೆ ಹೇಳಿದ್ದನ್ನು ಮನೆಯೊಳಗೂ ನಡೆಸಿದವರು ಸುಧಾರಕರಲ್ಲಿ ವಿರಳ. ವಿಧವಾ ವಿವಾಹಕ್ಕೆ 1856ರ ಕಾಯ್ದೆ ಮಾನ್ಯತೆ ಕೊಟ್ಟಿದ್ದರೂ ಅದನ್ನು ಹೊಗಳಿ ಮಾತನಾಡಿದ ಅನೇಕರು ತಮ್ಮ ಮನೆಯ ಹೆಣ್ಣುಮಗಳ ಪ್ರಶ್ನೆ ಬಂದಾಗ ಹಿಂದೆ ಸರಿದರು. 1891ರ ಏಪ್ರಿಲ್ 22ರಂದು ಹುಟ್ಟಿದ ರಂಗರಾಯರ ಮಗಳು ರಾಧಾಬಾಯಿ, ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಪತಿಯನ್ನು ಕಳೆದುಕೊಂಡರು. ಆಗಿನ ರೂಢಿಯಂತೆ ಆಕೆಯ ಬಾಳು ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ತಂದೆ ಆಕೆಯನ್ನು ಓದಿಸಿದರು. ಮಂಗಳೂರಿನಲ್ಲಿ ಆರಂಭವಾದ ಆ ಓದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿಗೂ ಮುಂದುವರಿಯಿತು. 1912ರಲ್ಲಿ ರಾಧಾಬಾಯಿಯವರು ಸೇಲಂ ಸೀಮೆಯ ಕುಮಾರಮಂಗಲದ ಜಮೀನ್ದಾರರೂ ಗೌಂಡರ್ ಸಮುದಾಯದವರೂ ಆದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ವಿಧವೆಯ ಮರುವಿವಾಹ, ಅಂತರ್ಜಾತಿ ವಿವಾಹ, ಭಾಷೆಯ ಎಲ್ಲೆ ಮೀರಿದ ಸಂಬಂಧ ಮೂರೂ ಒಂದೇ ಮದುವೆಯಲ್ಲಿ ಕೂಡಿದ್ದವು.

ರಾಧಾಬಾಯಿಯವರ ಮುಂದಿನ ಬಾಳು ಮಿಷನ್ನಿನ ಚರಿತ್ರೆಗೆ ಹೊರತಾದುದಲ್ಲ. 1930ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಮಹಿಳಾ ಪ್ರತಿನಿಧಿಗಳು ಇಬ್ಬರೇ: ಬೇಗಂ ಶಹನವಾಜ್ ಮತ್ತು ರಾಧಾಬಾಯಿ ಸುಬ್ಬರಾಯನ್. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಶೇಕಡ 5ರಷ್ಟು ಸ್ಥಾನಗಳನ್ನು ಮೀಸಲಿಡಬೇಕೆಂದು ಅವರಿಬ್ಬರೂ ಅಲ್ಲಿ ವಾದಿಸಿದರು. ಆ ಬೇಡಿಕೆ ಅಂದು ಈಡೇರಲಿಲ್ಲ. ಅದೇ ಪರಿಷತ್ತಿನಲ್ಲಿ ಡಿಪ್ರೆಸ್ಡ್ ಕ್ಲಾಸ್‌ಗಳ ಪ್ರತಿನಿಧಿಗಳಲ್ಲೊಬ್ಬರಾಗಿ ಕುಳಿತವರು ಡಾ. ಬಿ. ಆರ್. ಅಂಬೇಡ್ಕರ್, ಅವರು ಹುಟ್ಟಿದ್ದೂ 1891ರ ಏಪ್ರಿಲ್‌ನಲ್ಲಿಯೇ. ಚಿಲಿಂಬಿಯ ಶಾಲೆ ತೆರೆದಾಗ ತೊಟ್ಟಿಲ ಕೂಸುಗಳಾಗಿದ್ದ ಇವರಿಬ್ಬರು, ಮೂವತ್ತೆಂಟು ವರ್ಷಗಳ ನಂತರ ಒಂದೇ ಸಭೆಯಲ್ಲಿ ತಮ್ಮ ತಮ್ಮ ಜನರ ಪ್ರಾತಿನಿಧ್ಯದ ಹಕ್ಕನ್ನು ಮಂಡಿಸಿದ್ದು ಗಮನಿಸಬೇಕಾದ ಸಂಗತಿ. 1938ರಲ್ಲಿ ರಾಧಾಬಾಯಿಯವರು ಅಂದಿನ ಕೇಂದ್ರ ಶಾಸಕಾಂಗದ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾಗಿ ಅದರ ಮೊದಲ ಮಹಿಳಾ ಸದಸ್ಯೆಯಾದರು. ಅವರ ಮಕ್ಕಳಲ್ಲಿ ಜನರಲ್ ಪಿ. ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೋಹನ್ ಕುಮಾರಮಂಗಲಂ ಅಜ್ಜನಂತೆಯೇ ವಕೀಲರಾಗಿ, ಕಮ್ಯುನಿಸ್ಟ್ ಚಳವಳಿಯಲ್ಲಿ ಬೆಳೆದು, ಮದ್ರಾಸಿನ ಅಡ್ವೊಕೇಟ್ ಜನರಲ್ ಆಗಿ, ಮುಂದೆ ಕೇಂದ್ರದಲ್ಲಿ ಉಕ್ಕು ಮತ್ತು ಗಣಿ ಸಚಿವರಾದರು. ಪಾರ್ವತಿ ಕೃಷ್ಣನ್ ಕಾರ್ಮಿಕ ನಾಯಕಿಯಾಗಿ ಕೊಯಮತ್ತೂರಿನಿಂದ ಲೋಕಸಭೆಗೆ ಆಯ್ಕೆಯಾದರು.

 

ಬಾಳಿನ ಕೊನೆಯಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರು ತಾಳಿದರು. ಸರ್ಕಾರ ಅವರಿಗೆ ರಾವ್ ಸಾಹೇಬ್ ಎಂಬ ಬಿರುದನ್ನು ನೀಡಿತ್ತು. 1928ರ ಜನವರಿ 30ರಂದು ಅವರು ನಿಧನರಾದಾಗ ಅಳಿಯ ಡಾ. ಸುಬ್ಬರಾಯನ್ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ಪ್ರಾಂತದ ಪ್ರಥಮ ಸಚಿವನ ಮಾವನಿಗೆ ಯಾವ ಬಗೆಯ ಅಂತ್ಯಗೌರವ ಬೇಕಾದರೂ ದೊರೆಯಬಹುದಾಗಿತ್ತು. ಆದರೆ ತಮ್ಮ ದೇಹವನ್ನು ತೋಟಿಗಳು, ಅಂದರೆ ಊರಿನ ಕಕ್ಕಸು-ಚರಂಡಿಗಳನ್ನು ಶುಚಿಮಾಡುವ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟಿದ್ದ ಜನರು, ಹೊತ್ತು ಅವರೇ ಅಂತ್ಯಕ್ರಿಯೆ ನಡೆಸಬೇಕೆಂದು ರಂಗರಾಯರು ಮೊದಲೇ ತಿಳಿಸಿದ್ದರು. ಇಂಥ ಕೊನೆಯ ಇಚ್ಛೆಯನ್ನು ನಡೆಸುವುದಾಗಲಿ ಬಿಡುವುದಾಗಲಿ ಮನೆಯವರ ಕೈಯಲ್ಲಿರುತ್ತದೆ, ಮನೆಯವರು ನಡೆಸಿದರು. ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಕ್ಕಳು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬ ಆಶಯದ ಅವರ ಮಾತು ಜಿಲ್ಲೆಯ ಜನರ ನೆನಪಿನಲ್ಲಿ ಇಂದಿಗೂ ಉಳಿದಿದೆ. 1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಶೇಡಿಗುಡ್ಡೆಯ ಸಂಸ್ಥೆಯನ್ನು ಕಂಡು ಹೋದರು. ರಂಗರಾಯರ ನಂತರ ಮಿಷನ್ನಿನ ಹೊಣೆಯನ್ನು ಹೊತ್ತು ನಡೆಸಿದ್ದು ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜ.

ಮಂಗಳೂರಿನ ಪುರಭವನಕ್ಕೆ ಈಗ ಕುದ್ಮುಲ್ ರಂಗರಾಯರ ಹೆಸರಿದೆ. ಅವರ ಹೆಸರಿನ ಹಿಂದೆ ‘ದಲಿತೋದ್ಧಾರಕ’ ಎಂಬ ವಿಶೇಷಣ ಸೇರಿಕೊಂಡು ಬಹಳ ಕಾಲವಾಯಿತು. ಗೌರವದಿಂದ ಹುಟ್ಟಿದ ಆ ವಿಶೇಷಣವು ಚರಿತ್ರೆಯ ಅರ್ಧವನ್ನು ಮಾತ್ರ ಹೇಳುತ್ತದೆ. ಒಡೆಯನ ಸಿಟ್ಟನ್ನು ಎದುರಿಸಿ ಮಗುವನ್ನು ಚಿಲಿಂಬಿಗೆ ಕಳಿಸಿದ ತಾಯಂದಿರು, ಮೊದಲ ತಲೆಮಾರಿನ ಅಕ್ಷರಸ್ಥರಾಗಿ ಮಾಸ್ತರಿಕೆ ಮಾಡಿದವರು, ಹೊಸ ಕಾಲೊನಿಗೆ ಗಂಟುಮೂಟೆ ಹೊತ್ತು ಬಂದ ಕುಟುಂಬಗಳು, ಇವರ ಪಾಲಿನ ಕರ್ತೃತ್ವವಿಲ್ಲದೆ ಮಿಷನ್ ಇರುತ್ತಿರಲಿಲ್ಲ. ಆ ಕಾಲದಲ್ಲಿ ದಲಿತರಿಗಾಗಿ ಕಾದಿರಿಸಿದ ಜಮೀನು ದಕ್ಷಿಣ ಕನ್ನಡದಲ್ಲಿ ‘ಡಿ.ಸಿ. ಮನ್ನಾ’ (ಡಿ.ಸಿ. ಎಂದರೆ ಡಿಪ್ರೆಸ್ಡ್ ಕ್ಲಾಸ್) ಭೂಮಿ ಎಂದು ಕರೆಯಲ್ಪಡುತ್ತದೆ, ಮತ್ತು ಅದನ್ನು ಅರ್ಹರಿಗೆ ಹಂಚಬೇಕೆಂದು ದಲಿತ ಸಂಘಟನೆಗಳು ಈ ಶತಮಾನದಲ್ಲಿಯೂ ಕಚೇರಿಗಳ ಮುಂದೆ ಧರಣಿ ಕುಳಿತಿವೆ. ಪ್ಲೀಡರ್ ರಂಗರಾಯರು ಕೈಗೆತ್ತಿಕೊಂಡ ದರಖಾಸ್ತುಗಳಲ್ಲಿ ಕೆಲವು ಇನ್ನೂ ಇತ್ಯರ್ಥವಾಗಿಲ್ಲವೆಂದೇ ಅದರ ಅರ್ಥ. ಮಿಷನ್ನಿನ ಶಾಲೆಗಳಲ್ಲಿ ಓದಿದವರ, ಪಾಠ ಹೇಳಿದವರ, ಕಾಲೊನಿಗಳಲ್ಲಿ ಮೊದಲು ನೆಲೆಸಿದವರ ಮನೆಗಳಲ್ಲಿ ಹಳೆಯ ಪಟ್ಟೆ, ಹಾಜರಿ ಪುಸ್ತಕ, ಪ್ರಮಾಣಪತ್ರ, ಪತ್ರ, ಛಾಯಾಚಿತ್ರಗಳೇನಾದರೂ ಉಳಿದಿದ್ದರೆ, ಅವುಗಳ ಪ್ರತಿಗಳನ್ನು ಮಾಡಿಸಿ ಇಟ್ಟು ಸಂಶೋಧಕರಿಗೆ ಒದಗಿಸಬೇಕು. ಮನೆಯ ಹಿರಿಯರ ನೆನಪುಗಳನ್ನು ಅವರಿರುವಾಗಲೇ ಬರೆದುಕೊಳ್ಳಬೇಕು.